ಐ7 ಅಂದರೆ ಸಾಲದು, ಪೂರ್ತಿ ನಂಬರ್ ಓದಿ

ಪ್ರಶ್ನೆ: ನಮಸ್ಕಾರ ಸರ್. ನಾವು ಬನಹಟ್ಟಿಯವರು, ಮನೆಯಲ್ಲಿ ಪವರ್‌ಲೂಮ್ ಮಗ್ಗಗಳಿವೆ. ಮಗಳಿಗೆ ಬೆಳಗಾವಿಯಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಲ್ಯಾಪ್‌ಟಾಪ್ ಕೊಡಿಸಬೇಕು. 55 ಸಾವಿರದವರೆಗೆ ಹಾಕಬಲ್ಲೆ. ಜಮಖಂಡಿಯ ಒಂದು ಅಂಗಡಿಯಲ್ಲಿ ಐ7-1255ಯು, 8 ಜಿಬಿ ರ‍್ಯಾಮ್ ಇರುವುದನ್ನು ತೋರಿಸಿ "ಐ7 ಐತ್ರೀ, ಕಣ್ಮುಚ್ಚಿ ತಗೋರಿ" ಅಂದರು. ಬೆಳಗಾವಿಯಲ್ಲಿ ಅದೇ ಬೆಲೆಗೆ ಐ5-12450ಎಚ್, 16 ಜಿಬಿ ಕೊಡುತ್ತೇವೆ ಅನ್ನುತ್ತಾರೆ. ರೈಜೆನ್ 5 7520ಯು, 8 ಜಿಬಿ ಇನ್ನೂ ಕಡಿಮೆಗೆ ಇದೆ. ಪರಿಚಯದವರೊಬ್ಬರು ಸೆಕೆಂಡ್ ಹ್ಯಾಂಡ್ ಐ7-6600ಯು ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಕೊಡುತ್ತಾರಂತೆ. ಐ7 ಬಿಟ್ಟು ಐ5 ತಗೊಂಡರೆ ಮಗಳಿಗೆ ಕಡಿಮೆ ಮಾಡಿದಂತಾಗುವುದಿಲ್ಲವೇ? ರಜೆಗೆ ಬಂದಾಗ ನಮ್ಮ ಜಿಎಸ್‌ಟಿ ಲೆಕ್ಕವೂ ಅದರಲ್ಲೇ ಆಗಬೇಕು.

ಉತ್ತರ: ನಮಸ್ಕಾರ. ನಾಲ್ಕೂ ಯಂತ್ರಗಳ ಪೂರ್ತಿ ನಂಬರ್ ಬರೆದು ಕಳಿಸಿದ್ದೀರಿ, ಬಹಳ ಒಳ್ಳೆಯದಾಯಿತು. ಹೆಚ್ಚಿನವರು "ಐ5 ಛಲೋನೋ, ಐ7 ಛಲೋನೋ" ಅಂತ ಅಷ್ಟೇ ಕೇಳುತ್ತಾರೆ. ಅದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಾರರು. ನಿಮಗೆ ಕೊಡಬಹುದು. ಬೆಳಗಾವಿಯ ಐ5-12450ಎಚ್, 16 ಜಿಬಿ ಇರುವುದನ್ನು ತೆಗೆದುಕೊಳ್ಳಿ. ಮಗಳಿಗೆ ಏನೂ ಕಡಿಮೆ ಆಗುವುದಿಲ್ಲ. ಜಮಖಂಡಿಯ ಐ7 ಕೆಟ್ಟ ಚಿಪ್ (ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಮಾಡುವ ಮುಖ್ಯ ಭಾಗ) ಅಲ್ಲ, ಆದರೆ ಅವಳ ಓದಿಗೆ ಅಷ್ಟು ಹೊಂದುವುದಿಲ್ಲ. ರೈಜೆನ್ 7520ಯು ಬೇಡ. ಹಳೆಯ ಐ7-6600ಯು ಅಂತೂ ಖಂಡಿತ ಬೇಡ.

ಐ7 ಎರಡು ಸಲ ಬಂದಿದೆ ನಿಮ್ಮ ಪಟ್ಟಿಯಲ್ಲಿ, ಎರಡನ್ನೂ ಬೇಡ ಅನ್ನುತ್ತಿದ್ದೇನೆ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಒಮ್ಮೆ ತಿಳಿದರೆ ಮುಂದೆ ಯಾವ ಅಂಗಡಿಗೆ ಹೋದರೂ ನೀವೇ ಓದಿಕೊಳ್ಳಬಹುದು.

ನೀವು ನೇಕಾರರು. ಸೀರೆಯ ಮೇಲೆ ಅಂಟಿಸಿದ ಲೇಬಲ್ ನೋಡಿ ನೀವು ಬೆಲೆ ಕಟ್ಟುವುದಿಲ್ಲ. ನೂಲು ಯಾವುದು, ಕೌಂಟ್ ಎಷ್ಟು ಅಂತ ಕೈಯಲ್ಲಿ ಮುಟ್ಟಿ ನೋಡುತ್ತೀರಿ. ಚಿಪ್‌ನಲ್ಲಿ ಐ3, ಐ5, ಐ7 ಅನ್ನುವುದು ಲೇಬಲ್. ಅದರ ಮುಂದಿನ ಅಂಕಿಗಳು ಮತ್ತು ಕೊನೆಯ ಅಕ್ಷರದಲ್ಲಿ ನೂಲು ಸಿಗುತ್ತದೆ.

ಮೊದಲು ಅಂಕಿ. ಇಂಟೆಲ್‌ನ ಐ ಸರಣಿಯಲ್ಲಿ ಐ7 ಹೆಸರಿನ ಮೊದಲ ಚಿಪ್ ಬಂದಿದ್ದು 2008ರಲ್ಲಿ. ಅಂದಿನಿಂದ ಐ7 ಅಂತ ಎಷ್ಟೋ ಚಿಪ್ ಬಂದಿವೆ. ಯಾವ ತಲೆಮಾರಿನದು ಅನ್ನುವುದು ಗೆರೆಯ ನಂತರದ ಅಂಕಿಯಲ್ಲಿದೆ. 6600ಯು ಅಂದರೆ 6ನೇ ತಲೆಮಾರು. 8250ಯು ಅಂದರೆ 8ನೇ ತಲೆಮಾರು. ಅಂಕಿ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಕೂಡಿಸಿ ಓದಬೇಕು. 1255ಯು ಮತ್ತು 12450ಎಚ್ ಎರಡೂ 12ನೇ ತಲೆಮಾರು. ಒಂದರಲ್ಲಿ ನಾಲ್ಕು ಅಂಕಿ, ಇನ್ನೊಂದರಲ್ಲಿ ಐದು ಅಂಕಿ ಇದ್ದರೂ ಎರಡೂ 2022ರ ಆರಂಭದಲ್ಲಿ ಬಂದವು. 12 ಸಾವಿರದ್ದು ದೊಡ್ಡದು, 1 ಸಾವಿರದ್ದು ಚಿಕ್ಕದು ಅಂತ ಹೋಲಿಸಬಾರದು.

ತಲೆಮಾರಿನ ಅಂತರ ಎಷ್ಟು ದೊಡ್ಡದಿರಬಹುದು ಗೊತ್ತಾ? ಇಂಟೆಲ್‌ನ 7ನೇ ತಲೆಮಾರಿನ ಐ7-7500ಯು ಚಿಪ್‌ನಲ್ಲಿ ಇದ್ದದ್ದು ಎರಡೇ ಕೋರ್. ಕೋರ್ ಅಂದರೆ ಚಿಪ್ ಒಳಗೆ ತಾನೇ ಬೇರೆಯಾಗಿ ಲೆಕ್ಕ ಮಾಡುವ ಭಾಗ. ಮರುವರ್ಷ, 2017ರಲ್ಲಿ, 8ನೇ ತಲೆಮಾರಿನ ಐ5-8250ಯು ನಾಲ್ಕು ಕೋರ್‌ಗಳೊಂದಿಗೆ ಬಂತು. ಅಂದರೆ ಕೋರ್ ಲೆಕ್ಕದಲ್ಲಿ ಹೊಸ ಐ5 ಹಳೆಯ ಐ7ನ ಎರಡು ಪಟ್ಟು. ಆ ಒಂದು ವರ್ಷ "ನಂದು ಐ7" ಅಂತ ಜಾಸ್ತಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಕಡಿಮೆ.

ನಿಮಗೆ ಅರ್ಧ ಬೆಲೆಗೆ ಬರುತ್ತಿರುವ ಐ7-6600ಯು ಕೂಡ ಎರಡು ಕೋರ್‌ನದೇ. 2015ರ ಚಿಪ್. ಇಷ್ಟೇ ಆಗಿದ್ದರೆ ನಿಧಾನ ಅಂತ ಸಹಿಸಿಕೊಳ್ಳಬಹುದಿತ್ತು. ಆದರೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನ ಚಿಪ್‌ಗಳನ್ನು, ಬೆರಳೆಣಿಕೆಯ ಹಳೆಯ ಚಿಪ್ ಬಿಟ್ಟರೆ. 6600ಯು ಅದರಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೋ ಮಾಡಿ ವಿಂಡೋಸ್ 11 ಹಾಕಿ ಕೊಡುವವರಿದ್ದಾರೆ, ಅದು ನಡೆಯುತ್ತದೆ ಕೂಡ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಜಿಎಸ್‌ಟಿ, ಬ್ಯಾಂಕ್ ಕೆಲಸ ಮಾಡುವ ಯಂತ್ರ ಹಾಗಿರಬಾರದು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ "ಐ7, ಬರೀ ಇಷ್ಟು" ಅನ್ನುವ ಬೋರ್ಡ್ ಕಂಡಾಗಲೆಲ್ಲ ಅದು 6 ಅಥವಾ 7ರಿಂದ ಶುರುವಾಗುತ್ತದೆಯೇ ಅಂತ ಮೊದಲು ನೋಡಿ.

ಈಗ ಕೊನೆಯ ಅಕ್ಷರ. ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲೇ. ಯು ಅಂದರೆ ಕಡಿಮೆ ಕರೆಂಟ್ ಕುಡಿಯುವ ಚಿಪ್. ಎಚ್ ಅಂದರೆ ಹೆಚ್ಚು ಕರೆಂಟ್ ತೆಗೆದುಕೊಂಡು ಹೆಚ್ಚು ದುಡಿಯುವ ಚಿಪ್. 12ನೇ ತಲೆಮಾರಿನಲ್ಲಿ ನಿಮ್ಮ 1255ಯು ಚಿಪ್‌ನ ಮೂಲ ಲೆಕ್ಕ 15 ವ್ಯಾಟ್, 12450ಎಚ್ ಚಿಪ್‌ನದು 45 ವ್ಯಾಟ್. ನಡುವೆ ಪಿ ಅಂತ 28 ವ್ಯಾಟ್‌ನದೂ ಇತ್ತು. ಎಚ್‌ಎಕ್ಸ್ ಅಂದರೆ 55 ವ್ಯಾಟ್, ಅದು ಗೇಮಿಂಗ್ ಮತ್ತು ದೊಡ್ಡ ಡಿಸೈನ್ ಕೆಲಸದ ದಪ್ಪ ಲ್ಯಾಪ್‌ಟಾಪ್‌ಗಳಿಗೆ. ಹೀಗಾಗಿ ಒಂದೇ ವರ್ಷದ ಐ7 ಯು ಮತ್ತು ಐ5 ಎಚ್ ಪಕ್ಕಪಕ್ಕ ಇಟ್ಟರೆ, ಒಂದೇ ಸಮನೆ ಭಾರದ ಕೆಲಸ ಮಾಡಿಸುವಾಗ ಸಾಮಾನ್ಯವಾಗಿ ಐ5 ಎಚ್ ಮುಂದೆ ಹೋಗುತ್ತದೆ.

ಅಂಗಡಿಯವರು ಇದಕ್ಕೆ ಒಂದು ಮಾತು ಹೇಳಬಹುದು: "ಐ7ನಾಗ ಹತ್ತು ಕೋರ್ ಅದಾವ್ರೀ, ಐ5ನಾಗ ಎಂಟs." ಅದು ಸುಳ್ಳಲ್ಲ. 12ನೇ ತಲೆಮಾರಿನಿಂದ ಇಂಟೆಲ್ ತನ್ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಎರಡು ಜಾತಿಯ ಕೋರ್ ಇಡಲು ಶುರು ಮಾಡಿತು. ಜೋರಾಗಿ ಓಡುವ ದೊಡ್ಡ ಕೋರ್, ಕರೆಂಟ್ ಉಳಿಸುವ ಚಿಕ್ಕ ಕೋರ್. 1255ಯು ಚಿಪ್‌ನ ಹತ್ತರಲ್ಲಿ ದೊಡ್ಡವು ಎರಡು, ಚಿಕ್ಕವು ಎಂಟು. 12450ಎಚ್ ಚಿಪ್‌ನ ಎಂಟರಲ್ಲಿ ದೊಡ್ಡವು ನಾಲ್ಕು, ಚಿಕ್ಕವು ನಾಲ್ಕು. ದೊಡ್ಡ ಕೋರ್ ಏಕಕಾಲಕ್ಕೆ ಎರಡು ಎಳೆ ಕೆಲಸ ಹಿಡಿಯುತ್ತದೆ, ಚಿಕ್ಕದು ಒಂದು. ಕೂಡಿಸಿ ನೋಡಿ, ಎರಡರಲ್ಲೂ ಹನ್ನೆರಡು ಥ್ರೆಡ್, ಅಂದರೆ ಹನ್ನೆರಡು ಎಳೆ. ಕಾಗದದ ಮೇಲೆ ಸರಿಸಮ ಕಾಣುತ್ತವೆ. ಆದರೆ ದೊಡ್ಡ ಕೋರ್ ಎರಡು ಪಟ್ಟು, ಕರೆಂಟ್ ಮಿತಿ ಮೂರು ಪಟ್ಟು.

ನ್ಯಾಯವಾಗಿ ಐ7ನ ಪರವಾಗಿಯೂ ಹೇಳಬೇಕು. ಒಂದೇ ಕೋರ್ ಕ್ಷಣಕಾಲ ಓಡುವ ಗರಿಷ್ಠ ವೇಗ 1255ಯುಗೆ 4.7 ಗಿಗಾಹರ್ಟ್ಸ್, 12450ಎಚ್‌ಗೆ 4.4. ಬ್ರೌಸರ್ ತೆರೆಯುವುದು, ವರ್ಡ್ ಫೈಲ್ ತೆರೆಯುವಂತಹ ಚಿಕ್ಕ ಕೆಲಸದಲ್ಲಿ ಐ7 ಒಂದು ಕೂದಲೆಳೆ ಚುರುಕು. ಬ್ಯಾಟರಿಯೂ ಸಾಮಾನ್ಯವಾಗಿ ಜಾಸ್ತಿ ಹೊತ್ತು ಬರುತ್ತದೆ. ಒಳಗಿನ ಗ್ರಾಫಿಕ್ಸ್, ಅಂದರೆ ಪರದೆಯ ಚಿತ್ರ ಮೂಡಿಸುವ ಭಾಗ ಕೂಡ ಐ7ನಲ್ಲಿ ದೊಡ್ಡದು. ಆದರೆ ಆ ಗ್ರಾಫಿಕ್ಸ್ ಪೂರ್ತಿ ದುಡಿಯಬೇಕಾದರೆ ರ‍್ಯಾಮ್ ಎರಡು ದಾರಿಯಲ್ಲಿ, ಅಂದರೆ ಡ್ಯುಯಲ್ ಚಾನೆಲ್‌ನಲ್ಲಿ ಇರಬೇಕು. 8 ಜಿಬಿಯ ಒಂದೇ ಕಡ್ಡಿ ಹಾಕಿದ್ದರೆ ಅದು ಅರ್ಧ ಕಟ್ಟಿಹಾಕಿದಂತೆ. ವಿಂಡೋಸ್ ಕೂಡ ಅದನ್ನು ಐರಿಸ್ ಎಕ್ಸ್‌ಇ (ಇಂಟೆಲ್‌ನ ದೊಡ್ಡ ಗ್ರಾಫಿಕ್ಸ್‌ನ ಹೆಸರು) ಅಂತ ತೋರಿಸುವುದಿಲ್ಲ, ಬರೀ ಯುಎಚ್‌ಡಿ ಅಂತ ತೋರಿಸುತ್ತದೆ. ಐ7ಕ್ಕೆ ದುಡ್ಡು ಸುರಿದು ರ‍್ಯಾಮ್‌ನಲ್ಲಿ ಉಳಿಸಿದ ಯಂತ್ರಗಳನ್ನು ನಾನು ಬಹಳ ನೋಡಿದ್ದೇನೆ. ಸ್ಟಿಕರ್ ಮೇಲೆ ರ‍್ಯಾಮ್ ಕಾಣುವುದಿಲ್ಲ, ಐ7 ಕಾಣುತ್ತದೆ. ಅದಕ್ಕೇ ಹಾಗೆ ಮಾಡುತ್ತಾರೆ.

ನಿಮ್ಮ ಮಗಳಿಗೆ ಮೊದಲ ವರ್ಷ ಸಿ, ಪೈಥಾನ್ ಅಂತ ಹಗುರವಾಗಿ ಇರುತ್ತದೆ. ಅದಕ್ಕೆ ಯಾವ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಮುಂದೆ ಡೇಟಾಬೇಸ್, ವೆಬ್, ಮೊಬೈಲ್ ಆ್ಯಪ್ ಅಂತ ಬಂದಾಗ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ, ಪರದೆಯ ಮೇಲೆ ನಕಲು ಫೋನ್ ಓಡಿಸುವ ಅದರ ಎಮ್ಯುಲೇಟರ್, ಪಕ್ಕದಲ್ಲಿ ಬ್ರೌಸರ್‌ನ ಹತ್ತಿಪ್ಪತ್ತು ಟ್ಯಾಬ್ ಒಟ್ಟಿಗೆ ತೆರೆದಿರುತ್ತವೆ. ಲಿನಕ್ಸ್ ಕಲಿಯಲು ವರ್ಚುಯಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್‌ನಂತೆ ನಡೆಯುವ ತಂತ್ರಾಂಶ ಹಾಕುತ್ತಾಳೆ. ಆಗ 8 ಜಿಬಿ ಉಸಿರುಗಟ್ಟುತ್ತದೆ. ಚಿಪ್ ಎಷ್ಟೇ ಚುರುಕಾಗಿದ್ದರೂ ರ‍್ಯಾಮ್ ತುಂಬಿದ ಮೇಲೆ ಕೆಲಸವೆಲ್ಲ ಎಸ್‌ಎಸ್‌ಡಿ (ಫೈಲ್ ಉಳಿಸುವ ಡಿಸ್ಕ್) ಮೇಲೆ ಬೀಳುತ್ತದೆ, ಎಲ್ಲವೂ ಕುಂಟುತ್ತದೆ. ನನ್ನನ್ನು ಕೇಳಿದರೆ, ಈ ಬಜೆಟ್‌ನಲ್ಲಿ ಚಿಪ್ ಒಂದು ಮೆಟ್ಟಿಲು ಇಳಿಸಿಯಾದರೂ 16 ಜಿಬಿ ಮಾಡಿ. ನಿಮ್ಮ ಅದೃಷ್ಟಕ್ಕೆ ಇಲ್ಲಿ ಇಳಿಸುವ ಪ್ರಶ್ನೆಯೇ ಬಂದಿಲ್ಲ.

ಹಾಗಾದರೆ ಇವರು ಯಾಕೆ ಇಷ್ಟು ಗೋಜಲು ಹೆಸರಿಡುತ್ತಾರೆ? ಇದಕ್ಕೊಂದು ಇತಿಹಾಸವಿದೆ. ಮೊದಲು 286, 386, 486 ಅಂತ ಬರೀ ಅಂಕಿ ಇದ್ದವು. ಅಂಕಿಗೆ ಟ್ರೇಡ್‌ಮಾರ್ಕ್ ಸಿಗಲಿಲ್ಲ. ಪ್ರತಿಸ್ಪರ್ಧಿಗಳೂ ಅದೇ ಅಂಕಿ ಹಾಕಿ ಮಾರುತ್ತಿದ್ದರು. ಅದಕ್ಕೆ 1993ರಲ್ಲಿ ಇಂಟೆಲ್ ಪೆಂಟಿಯಮ್ ಅನ್ನುವ ಹೆಸರಿಗೆ ಹೋಯಿತು. ಆಮೇಲೆ ವೇಗದ ಕಾಲ. ಎಷ್ಟು ಮೆಗಾಹರ್ಟ್ಸ್, ಎಷ್ಟು ಗಿಗಾಹರ್ಟ್ಸ್ ಅಂತ ಜನ ಕೇಳುತ್ತಿದ್ದರು, ಅದರಲ್ಲೇ ಬೆಲೆ ಗೊತ್ತಾಗುತ್ತಿತ್ತು. ಆದರೆ ಇಂಟೆಲ್‌ನ ಪ್ರತಿಸ್ಪರ್ಧಿ, ಈಗ ರೈಜೆನ್ ಮಾಡುವ ಎಎಂಡಿ ಕಂಪನಿಯ ಚಿಪ್‌ಗಳು ಕಡಿಮೆ ಗಿಗಾಹರ್ಟ್ಸ್‌ನಲ್ಲೇ ಜಾಸ್ತಿ ಕೆಲಸ ಮಾಡುತ್ತಿದ್ದವು. ಜನಕ್ಕೆ ಅದನ್ನು ತಿಳಿಸುವುದು ಹೇಗೆ? 2001ರಲ್ಲಿ ಎಎಂಡಿ 1.53 ಗಿಗಾಹರ್ಟ್ಸ್‌ನ ಅಥ್ಲಾನ್ ಎಕ್ಸ್‌ಪಿ ಚಿಪ್‌ಗೆ 1800+ ಅಂತ ಹೆಸರಿಟ್ಟಿತು. ಅಂಕಿ ಮತ್ತು ವೇಗದ ನಂಟು ಅಲ್ಲಿಗೆ ಕಡಿಯಿತು. ಇಂಟೆಲ್‌ನ ಪೆಂಟಿಯಮ್ 4 ಚಿಪ್ 3.8 ಗಿಗಾಹರ್ಟ್ಸ್‌ವರೆಗೆ ಹೋಗಿ ಬಿಸಿಯಿಂದಾಗಿ ನಿಂತಿತು. 2004ರಲ್ಲಿ ಇಂಟೆಲ್ ಕೂಡ ಮಾಡೆಲ್ ನಂಬರ್ ಹಿಡಿಯಿತು. ಅಂದಿನಿಂದ ನಂಬರ್ ಅನ್ನುವುದು ಅಳತೆಯಾಗಿ ಉಳಿದಿಲ್ಲ. ಕಂಪನಿ ತನಗೆ ಬೇಕಾದಂತೆ ಇಡುವ ಹೆಸರು ಅದು.

ಇನ್ನೊಂದು ಕಾರಣ ಕಾರ್ಖಾನೆಯೊಳಗೇ ಇದೆ. 300 ಮಿಲಿಮೀಟರ್ ಅಗಲದ ಸಿಲಿಕಾನ್ ತಟ್ಟೆಯ ಮೇಲೆ ಒಂದೇ ಸಲ ನೂರಾರು ಚಿಪ್ ಮೂಡಿಸುತ್ತಾರೆ. ಎಲ್ಲವೂ ಒಂದೇ ಗುಣದಲ್ಲಿ ಬರುವುದಿಲ್ಲ. ಕೆಲವದರಲ್ಲಿ ಒಂದೆರಡು ಕೋರ್ ಕೆಟ್ಟಿರುತ್ತವೆ. ಕೆಲವು ಜಾಸ್ತಿ ವೇಗಕ್ಕೆ ಹೋದರೆ ಬಿಸಿಯಾಗುತ್ತವೆ. ಅವನ್ನು ಎಸೆಯುವುದಿಲ್ಲ. ಕೆಟ್ಟ ಕೋರ್ ಮುಚ್ಚಿ, ವೇಗ ಇಳಿಸಿ, ಬೇರೆ ನಂಬರ್ ಹಾಕಿ ಮಾರುತ್ತಾರೆ. ಇದರಲ್ಲಿ ಮೋಸವಿಲ್ಲ, ಚಿಪ್ ಕೂಡ ಗಟ್ಟಿಯಾಗಿಯೇ ಇರುತ್ತದೆ. ಹಾಗಾಗಿ ಒಂದೇ ಅಚ್ಚಿನಿಂದ ಹತ್ತಾರು ಹೆಸರು ಹುಟ್ಟುತ್ತವೆ. ನಂಬರ್‌ನಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೂ ಒಳಗೆ ದೊಡ್ಡ ವ್ಯತ್ಯಾಸ ಇರಬಹುದು: 12450ಎಚ್ ಚಿಪ್‌ನಲ್ಲಿ ಎಂಟು ಕೋರ್, 12500ಎಚ್ ಚಿಪ್‌ನಲ್ಲಿ ಹನ್ನೆರಡು.

ನನಗೆ ಸಿಟ್ಟು ಬರುವುದು ಇದರ ಬಗ್ಗೆ ಅಲ್ಲ. ಹಳೆಯ ಚಿಪ್‌ಗೆ ಹೊಸ ವರ್ಷದ ಹೆಸರು ಕೊಡುವುದರ ಬಗ್ಗೆ. ನಿಮ್ಮ ಪಟ್ಟಿಯ ರೈಜೆನ್ 7520ಯು ಅದಕ್ಕೆ ಒಳ್ಳೆಯ ಉದಾಹರಣೆ.

ಎಎಂಡಿ ತನ್ನ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಹೊಸ ಲೆಕ್ಕ ತಂದಿತು. ಮೊದಲ ಅಂಕಿ 7 ಅಂದರೆ 2023ರ ಸಾಲು. ಎರಡನೆಯದು ದರ್ಜೆ. ಮೂರನೆಯ ಅಂಕಿ ಒಳಗಿರುವ ಕೋರ್‌ನ ವಿನ್ಯಾಸ ಯಾವುದು ಅಂತ ಹೇಳುತ್ತದೆ. ಅಂದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಯಾರ ಕಣ್ಣಿಗೂ ಬೀಳದ ಮೂರನೆಯ ಜಾಗದಲ್ಲಿ ಇಟ್ಟಿದ್ದಾರೆ. 7520ಯುನಲ್ಲಿ ಮೂರನೆಯ ಅಂಕಿ 2. ಅದು ಝೆನ್ 2, 2019ರಲ್ಲಿ ಬಂದ ವಿನ್ಯಾಸ. 7530ಯುನಲ್ಲಿ 3, ಅಂದರೆ 2020ರ ಝೆನ್ 3. 7540ಯುನಲ್ಲಿ 4, ಅಂದರೆ 2022ರ ಝೆನ್ 4. ಮೂರೂ "ರೈಜೆನ್ 5", ಮೂರೂ ಒಂದೇ ಸಾಲಿನ ಹೆಸರು. ಆದರೆ 7520ಯುಗೆ ನಾಲ್ಕು ಕೋರ್, ಉಳಿದೆರಡಕ್ಕೆ ಆರು. ಸುಮ್ನೆ ಹತ್ತರ ವ್ಯತ್ಯಾಸ ಅಲ್ವಾ ಅಂತ ನೋಡಿದವರು ಎರಡು ಕೋರ್ ಮತ್ತು ಒಂದು ಇಡೀ ತಲೆಮಾರು ಕಳೆದುಕೊಳ್ಳುತ್ತಾರೆ.

ಇದಕ್ಕೂ ಮೊದಲು 5000 ಸರಣಿಯಲ್ಲೂ ಹೀಗೇ ಮಾಡಿದ್ದರು. 5500ಯು ಮತ್ತು 5700ಯು ಝೆನ್ 2, ಅವುಗಳ ನಡುವೆ ಕೂತ 5600ಯು ಝೆನ್ 3. ಸೆಕೆಂಡ್ ಹ್ಯಾಂಡ್ ನೋಡುವಾಗ ಇದು ನೆನಪಿರಲಿ.

7520ಯು ಬೇಡ ಅನ್ನಲು ಇನ್ನೊಂದು ಬಲವಾದ ಕಾರಣ ಇದೆ. ಆ ಚಿಪ್ ಒಪ್ಪುವುದು ಎಲ್‌ಪಿಡಿಡಿಆರ್5 ಅನ್ನುವ ರ‍್ಯಾಮ್ ಮಾತ್ರ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇವತ್ತು 8 ಜಿಬಿ ತೆಗೆದುಕೊಂಡರೆ ಎಂದೆಂದಿಗೂ 8 ಜಿಬಿಯೇ. ಎರಡು ವರ್ಷ ಬಿಟ್ಟು ಇನ್ನೊಂದು ಕಡ್ಡಿ ಹಾಕಿಸೋಣ ಅಂದರೆ ಹಾಕಲು ಜಾಗವೇ ಇಲ್ಲ. ಬರೀ ಜಿಎಸ್‌ಟಿ, ಟೈಪಿಂಗ್, ವಿಡಿಯೋ ನೋಡುವುದಕ್ಕಾಗಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಅಷ್ಟಕ್ಕೆ ಅದು ತಂಪಾಗಿ, ಕಡಿಮೆ ಕರೆಂಟ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ನಾಲ್ಕು ವರ್ಷದ ಇಂಜಿನಿಯರಿಂಗ್‌ಗೆ ಆಗುವುದಿಲ್ಲ.

ಈಗ ಅಂಗಡಿಗಳಲ್ಲಿ ಇನ್ನೂ ಹೊಸ ಹೆಸರುಗಳು ಬಂದಿವೆ, ಅವನ್ನೂ ಸ್ವಲ್ಪ ನೋಡಿಬಿಡೋಣ. ಇಂಟೆಲ್ 2023ರ ಡಿಸೆಂಬರ್‌ನಿಂದ ಹೆಚ್ಚಿನ ಹೊಸ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ "ಐ" ಬಿಟ್ಟುಬಿಟ್ಟಿದೆ. ಕೋರ್ ಅಲ್ಟ್ರಾ 5, ಕೋರ್ ಅಲ್ಟ್ರಾ 7 ಅಂತ ಬಂದವು. ಅದರ ಬೆನ್ನಿಗೇ ಅಲ್ಟ್ರಾ ಇಲ್ಲದ ಕೋರ್ 5, ಕೋರ್ 7 ಅಂತಲೂ ಬಂದವು. ಕೋರ್ ಅಲ್ಟ್ರಾ 5 125ಯು ಹೊಸ ವಿನ್ಯಾಸ. ಕೋರ್ 5 120ಯು ಮಾತ್ರ 13ನೇ ತಲೆಮಾರಿನ ಐ5-1335ಯು ಚಿಪ್‌ನ ಹತ್ತಿರದ ನೆಂಟ: ಅದೇ ಎರಡು ದೊಡ್ಡ, ಎಂಟು ಚಿಕ್ಕ ಕೋರ್, ಗರಿಷ್ಠ ವೇಗ ಮಾತ್ರ 4.6ರಿಂದ 5 ಗಿಗಾಹರ್ಟ್ಸ್‌ಗೆ ಏರಿದೆ. ಹಳೆಯದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸದರ ಬೆಲೆ ಕೊಟ್ಟು ಹಳೆಯದನ್ನು ತರಬೇಡಿ ಅಂತ ಅಷ್ಟೇ.

ಅಲ್ಟ್ರಾದ ಎರಡನೇ ಸರಣಿಯಲ್ಲಿ ಕೊನೆಯ ಅಕ್ಷರ ಇನ್ನೂ ಮುಖ್ಯವಾಯಿತು. ಕೋರ್ ಅಲ್ಟ್ರಾ 7 255ಯು ಹನ್ನೆರಡು ಕೋರ್, 255ಎಚ್ ಹದಿನಾರು, 255ಎಚ್‌ಎಕ್ಸ್ ಇಪ್ಪತ್ತು. ಪಕ್ಕದ 258ವಿ ಬರೀ ಎಂಟು ಕೋರ್, ಆದರೆ ಬ್ಯಾಟರಿ ಉಳಿಸುವುದರಲ್ಲಿ ಬಹಳ ಒಳ್ಳೆಯದು. ಅದರ 32 ಜಿಬಿ ರ‍್ಯಾಮ್ ಚಿಪ್‌ನ ಜೊತೆಯಲ್ಲೇ ಕೂತಿರುತ್ತದೆ. ನಾಲ್ಕಕ್ಕೂ ಸ್ಟಿಕರ್ ಮೇಲೆ ಬರೆಯುವುದು "ಅಲ್ಟ್ರಾ 7" ಅಂತ. ಎಎಂಡಿ ಕೂಡ 2024ರಿಂದ ರೈಜೆನ್ ಎಐ 300 ಅಂತ ಹೆಸರು ಬದಲಿಸಿತು. ನಾನು ಮೇಲೆ ಹೇಳಿದ ಮೂರನೇ ಅಂಕಿಯ ಲೆಕ್ಕ ಇವಕ್ಕೆ ನಡೆಯುವುದಿಲ್ಲ. 2025ರಲ್ಲಿ ಬಂದ ರೈಜೆನ್ 200 ಸರಣಿ ಅಂತೂ ಹಿಂದಿನ 8040 ಸರಣಿಯದೇ ಹೊಸ ಹೆಸರು.

ಎಐ ಅಂತ ಬರೆದ ಸ್ಟಿಕರ್‌ಗೆ ಜಾಸ್ತಿ ದುಡ್ಡು ಕೊಡಬೇಕೇ ಅಂತ ಅಂಗಡಿಯಲ್ಲಿ ಪ್ರಶ್ನೆ ಬಂದೇ ಬರುತ್ತದೆ. ಈ ಬಜೆಟ್‌ನಲ್ಲಿ ಬೇಡ. ಮೈಕ್ರೋಸಾಫ್ಟ್‌ನ ಕೋಪೈಲಟ್ ಪ್ಲಸ್ ಸೌಲಭ್ಯಗಳಿಗೆ ಚಿಪ್‌ನಲ್ಲಿ ಎಐ ಲೆಕ್ಕಕ್ಕೆಂದೇ ಇರುವ ಎನ್‌ಪಿಯು ಭಾಗ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವಷ್ಟು ಬಲ ಹೊಂದಿರಬೇಕು. ಮೊದಲ ಸರಣಿಯ ಕೋರ್ ಅಲ್ಟ್ರಾಗಳಲ್ಲೂ ಅಷ್ಟು ಇಲ್ಲ. ನಿಮ್ಮ ಮಗಳು ಮಷೀನ್ ಲರ್ನಿಂಗ್ ಕಲಿಯುವಾಗ ಗೂಗಲ್ ಕೊಲ್ಯಾಬ್‌ನಂತಹ ಕಡೆ ಬ್ರೌಸರ್‌ನಲ್ಲೇ ಉಚಿತವಾಗಿ ಶುರು ಮಾಡಬಹುದು. ಮೊಬೈಲ್ ಫೋನ್ ಜಾತಿಯ ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ಲ್ಯಾಪ್‌ಟಾಪ್ ತೋರಿಸಿದರೆ ಅದೂ ಬೇಡ. ಬ್ಯಾಟರಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್‌ನಂತಹವುಗಳ ಡ್ರೈವರ್ ಆ ಜಾತಿಯ ಚಿಪ್‌ಗೆಂದೇ ಮಾಡಿರಬೇಕು, ಹಳೆಯವು ನಡೆಯುವುದಿಲ್ಲ. ನಿಮ್ಮ ಜಿಎಸ್‌ಟಿ ಕೆಲಸಕ್ಕೆ ಅದು ತಲೆನೋವು.

ಎಚ್ ಚಿಪ್ ತಗೊಳ್ಳಿ ಅಂದೆ. ಅದರ ಜೊತೆ ಬರುವ ಕಷ್ಟವನ್ನೂ ಹೇಳಬೇಕು. ಅದು ಬಿಸಿ ಮಾಡುತ್ತದೆ. 12450ಎಚ್ ಜೋರು ಹಿಡಿದಾಗ ಕ್ಷಣಕಾಲ 95 ವ್ಯಾಟ್‌ವರೆಗೆ ಹೋಗಲು ಅನುಮತಿ ಇದೆ, 1255ಯುಗೆ 55. ಚಿಪ್ ಸುಮಾರು 100 ಡಿಗ್ರಿ ಮುಟ್ಟಿದರೆ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಬೆಳಗಾವಿಯ ಹವೆಯಲ್ಲಿ ಇದು ಅಷ್ಟು ಕಾಡುವುದಿಲ್ಲ. ಆದರೆ ಏಪ್ರಿಲ್, ಮೇ ರಜೆಗೆ ಅವಳು ಬನಹಟ್ಟಿಗೆ ಬರುತ್ತಾಳೆ. ಬಾಗಲಕೋಟೆ, ವಿಜಯಪುರ ಕಡೆ ಬೇಸಿಗೆ 40 ಡಿಗ್ರಿ ದಾಟುವುದು ನಮಗೇನು ಹೊಸದಲ್ಲ. ಹೊರಗಿನ ಗಾಳಿ ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಚಿಪ್ ಕೂಡ ಹೆಚ್ಚೂಕಡಿಮೆ ಅಷ್ಟೇ ಡಿಗ್ರಿ ಜಾಸ್ತಿ ಬಿಸಿಯಾಗುತ್ತದೆ. ಹಾಸಿಗೆ, ಕೌದಿಯ ಮೇಲೆ ಇಟ್ಟರೆ ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ. ಮೇಜಿನ ಮೇಲೆ, ಫ್ಯಾನ್ ಕೆಳಗೆ ಇಟ್ಟು ಕೆಲಸ ಮಾಡಲು ಹೇಳಿ.

ಮಗ್ಗದ ಮನೆಯವರಿಗೆ ಇನ್ನೊಂದು ವಿಶೇಷ ಮಾತು. ಮಗ್ಗ ನಡೆಯುವ ಕೋಣೆಯಲ್ಲಿ ಹತ್ತಿಯ ನವಿರು ಧೂಳು ಸದಾ ಹಾರುತ್ತಿರುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಅದನ್ನು ಎಳೆದುಕೊಂಡು ಒಳಗಿನ ತಾಮ್ರದ ಜಾಲರಿಯ ಮೇಲೆ ಒಂದು ಪದರವಾಗಿ ಕೂರಿಸುತ್ತದೆ. ಮಣ್ಣಿನ ಧೂಳಿಗಿಂತ ಇದು ಕೆಟ್ಟದ್ದು, ಯಾಕೆಂದರೆ ಹತ್ತಿ ಒಂದಕ್ಕೊಂದು ಹೆಣೆದುಕೊಂಡು ಗಾಳಿಯನ್ನೇ ತಡೆಯುತ್ತದೆ. ನಿಮ್ಮ ಕಡೆಯಿಂದ ರಿಪೇರಿಗೆ ಬರುವ "ನಿಧಾನ ಆಗೈತಿ" ಅನ್ನುವ ಯಂತ್ರಗಳಲ್ಲಿ ಎಷ್ಟೋ ಸಲ ಚಿಪ್‌ಗೆ ಏನೂ ಆಗಿರುವುದಿಲ್ಲ, ಆ ಪದರ ತೆಗೆದರೆ ಮೊದಲಿನಂತೆ ಓಡುತ್ತವೆ. ಜಿಎಸ್‌ಟಿ ಕೆಲಸ ಮಾಡುವಾಗ ಮಗ್ಗದ ಕೋಣೆ ಬಿಟ್ಟು ಬೇರೆ ಕಡೆ ಕೂರಿ. ವರ್ಷಕ್ಕೊಮ್ಮೆ ತಿಳಿದವರ ಹತ್ತಿರ ಒಳಗೆ ಸ್ವಚ್ಛ ಮಾಡಿಸಿ. ವಾರಂಟಿ ಇರುವಾಗ ಕಂಪನಿಯ ಸರ್ವಿಸ್‌ನವರಲ್ಲೇ ಮಾಡಿಸುವುದು ಒಳ್ಳೆಯದು.

ಕರೆಂಟ್ ಹೋದಾಗ ಎಚ್ ಚಿಪ್‌ನ ಲ್ಯಾಪ್‌ಟಾಪ್ ಯು ಚಿಪ್‌ನದರಷ್ಟು ಹೊತ್ತು ಬರುವುದಿಲ್ಲ. ವಿಂಡೋಸ್‌ನಲ್ಲಿ ಪವರ್ ಮೋಡ್ ಕಡಿಮೆಗೆ ಇಟ್ಟರೆ ಸ್ವಲ್ಪ ಹೊತ್ತು ಜಾಸ್ತಿ ಸಿಗುತ್ತದೆ. ಹಾಸ್ಟೆಲ್‌ನಲ್ಲಿ ಪ್ಲಗ್ ಸಿಗುತ್ತದಾದರೆ ಇದು ದೊಡ್ಡ ತೊಂದರೆಯಲ್ಲ. ಇಡೀ ದಿನ ಕ್ಲಾಸಿನಲ್ಲಿ ಚಾರ್ಜರ್ ಇಲ್ಲದೆ ಬಳಸಬೇಕು ಅಂತ ಅವಳೇ ಹೇಳಿದರೆ ಮಾತ್ರ ಯು ಕಡೆ ಯೋಚಿಸಿ, ಆಗಲೂ 16 ಜಿಬಿ ಬಿಡಬೇಡಿ.

ಒಂದೇ ಚಿಪ್ ಎರಡು ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ವೇಗದಲ್ಲಿ ಓಡುವುದೂ ಉಂಟು. ಎಷ್ಟು ವ್ಯಾಟ್ ಕೊಡಬೇಕು ಅಂತ ಲ್ಯಾಪ್‌ಟಾಪ್ ಮಾಡುವವರು ತೀರ್ಮಾನಿಸುತ್ತಾರೆ. ತೆಳ್ಳಗಿನ ದೇಹ, ಒಂದೇ ಫ್ಯಾನ್ ಇದ್ದರೆ ಕಡಿಮೆ ಕೊಡುತ್ತಾರೆ. ಎಚ್ ಚಿಪ್ ತಗೊಳ್ಳುವಾಗ ಫ್ಯಾನ್ ಎಷ್ಟು, ಗಾಳಿ ಕಿಂಡಿ ಎಲ್ಲಿದೆ ಅಂತ ತಿರುಗಿಸಿ ನೋಡಿ.

ಅಂಗಡಿಯಲ್ಲಿ ನೀವು ಮಾಡಬೇಕಾದ್ದು ಇಷ್ಟು. ಯಂತ್ರ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಸಿಪಿಯು ಒತ್ತಿದರೆ ಬಲಗಡೆ ಮೇಲೆ ಚಿಪ್‌ನ ಪೂರ್ತಿ ಹೆಸರು ಬರುತ್ತದೆ, ಕೆಳಗೆ ಕೋರ್ ಎಷ್ಟು ಅಂತ ಇರುತ್ತದೆ. 12450ಎಚ್ ಆದರೆ 8 ಕೋರ್, 12 ಲಾಜಿಕಲ್ ಪ್ರೊಸೆಸರ್ ಅಂತ ತೋರಿಸಬೇಕು. ಆಮೇಲೆ ಮೆಮೊರಿ ಒತ್ತಿ. ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಅಂತ ಅಲ್ಲಿ ಇರುತ್ತದೆ. ಫಾರ್ಮ್ ಫ್ಯಾಕ್ಟರ್ ಮುಂದೆ "ರೋ ಆಫ್ ಚಿಪ್ಸ್" ಅಂತ ಇದ್ದರೆ ರ‍್ಯಾಮ್ ಬೋರ್ಡಿಗೆ ಬೆಸೆದಿದೆ ಅಂತ ಅರ್ಥ. "ಎಸ್‌ಒಡಿಐಎಂಎಂ" ಅಂತ ಇದ್ದರೆ ಕಡ್ಡಿ ಬಿಚ್ಚಿ ಬದಲಿಸಬಹುದು. 16 ಜಿಬಿ ಎರಡು ಕಡ್ಡಿಯಲ್ಲಿ, 8 ಮತ್ತು 8 ಅಂತ ಇದ್ದರೆ ಇನ್ನೂ ಒಳ್ಳೆಯದು. ಕೋರ್, ವ್ಯಾಟ್ ಎಲ್ಲ ಖಚಿತವಾಗಿ ನೋಡಬೇಕೆಂದರೆ ಇಂಟೆಲ್ ಮತ್ತು ಎಎಂಡಿಯ ಸ್ವಂತ ವೆಬ್‌ಸೈಟ್‌ನಲ್ಲಿ ಪೂರ್ತಿ ನಂಬರ್ ಹಾಕಿದರೆ ಮೊಬೈಲ್‌ನಲ್ಲೇ ಸಿಗುತ್ತದೆ. ಮಗಳಿಗೆ ಹೇಳಿ, ಅವಳೇ ಹುಡುಕುತ್ತಾಳೆ. ಬಿಲ್ ಮೇಲೂ ಬರೀ "ಐ5 ಲ್ಯಾಪ್‌ಟಾಪ್" ಅಂತ ಬರೆಸಿಕೊಳ್ಳಬೇಡಿ. ಚಿಪ್‌ನ ಪೂರ್ತಿ ನಂಬರ್, ರ‍್ಯಾಮ್, ಎಸ್‌ಎಸ್‌ಡಿ, ಯಂತ್ರದ ಸೀರಿಯಲ್ ನಂಬರ್ ನಾಲ್ಕೂ ಇರಲಿ.

ಮಗ್ಗದ ಆಫೀಸಿಗೆ ಮುಂದೆ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವ ಯೋಚನೆ ಬಂದರೆ, ಅಲ್ಲಿ ನೋಡಬೇಕಾದ ಅಕ್ಷರ ಎಫ್. ಐ5-12400 ಒಳ್ಳೆಯ ಚಿಪ್, ಆರು ದೊಡ್ಡ ಕೋರ್ ಇವೆ. ಐ5-12400ಎಫ್ ಸ್ವಲ್ಪ ಅಗ್ಗ, ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ. 13 ಮತ್ತು 14ನೇ ತಲೆಮಾರಿನ ಜೋರು ಡೆಸ್ಕ್‌ಟಾಪ್ ಚಿಪ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹುಷಾರು. ಅವುಗಳಿಗೆ ವೋಲ್ಟೇಜ್ ಜಾಸ್ತಿ ಹೋಗಿ ಹಾಳಾಗುವ ದೋಷವನ್ನು ಇಂಟೆಲ್ 2024ರಲ್ಲಿ ತಾನೇ ಒಪ್ಪಿಕೊಂಡು, ವಾರಂಟಿ ಎರಡು ವರ್ಷ ಹೆಚ್ಚಿಸಿ, ಸರಿಪಡಿಸುವ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಕೊಟ್ಟಿತು.

ನೀವು ಬೆಳಗಾವಿಗೆ ಹೋಗುವಷ್ಟರಲ್ಲಿ ಆ ಮಾಡೆಲ್ ಖಾಲಿಯಾಗಿರಬಹುದು. ಆಗ ಐ5-13420ಎಚ್ ಅಥವಾ ಕೋರ್ 5 210ಎಚ್ ಕೇಳಿ. ಹೆಸರು ಮೂರು ಥರ ಇದ್ದರೂ ಇವು ಹತ್ತಿರದ ಬಂಧುಗಳು, ಮೂರರಲ್ಲೂ ನಾಲ್ಕು ದೊಡ್ಡ, ನಾಲ್ಕು ಚಿಕ್ಕ ಕೋರ್, ಹನ್ನೆರಡು ಥ್ರೆಡ್. ವೇಗ ಸ್ವಲ್ಪ ಸ್ವಲ್ಪ ಏರುತ್ತಾ ಬಂದಿದೆ. ಹಾಗಾಗಿ "ಇದು ಲೇಟೆಸ್ಟ್ ಐತ್ರೀ" ಅಂತ ಬಹಳ ದುಡ್ಡು ಜಾಸ್ತಿ ಕೇಳಿದರೆ ಕೊಡಬೇಕಿಲ್ಲ. ಎಎಂಡಿಯಲ್ಲಾದರೆ ಆರು ಕೋರ್‌ನ ರೈಜೆನ್ 5 7535ಎಚ್‌ಎಸ್ ಸರಿಹೋಗುತ್ತದೆ. ಹಗುರವಾದದ್ದು, ಬ್ಯಾಟರಿ ಜಾಸ್ತಿ ಬೇಕು ಅಂತ ಮಗಳು ಹಟ ಹಿಡಿದರೆ ರೈಜೆನ್ 5 7530ಯು ಅಥವಾ ಕೋರ್ 5 120ಯು ನೋಡಿ. ಯಾವುದೇ ಆದರೂ 16 ಜಿಬಿ ಇರಬೇಕು. ಇಲ್ಲವೇ ಖಾಲಿ ಸ್ಲಾಟ್ ಇದ್ದು, ಇನ್ನೊಂದು 8 ಜಿಬಿ ಕಡ್ಡಿಯನ್ನು ಅಂಗಡಿಯವರೇ ಅಲ್ಲೇ ಹಾಕಿ, ಬಿಲ್‌ನಲ್ಲಿ ಬರೆದು, ಟಾಸ್ಕ್ ಮ್ಯಾನೇಜರ್‌ನಲ್ಲಿ ತೋರಿಸಿ ಕೊಡಬೇಕು.